ಮೂರು ಸಲ ಹೇಳಿದ ಮಾತು

ನಮ್ಮ ಮನೆಯಲ್ಲಿ ಬಾಯಿಗೆ ಬಂದದ್ದನ್ನು ಆಡಿ ಎದ್ದು ಹೋಗುವ ಹಾಗಿರಲಿಲ್ಲ. ಆಡಿದ ಮಾತು ಹೋಗಿ ಕೂರುವುದಕ್ಕೆ ಒಂದು ಜಾಗವಿತ್ತು. ಕೊಪ್ಪದ ಪೇಟೆಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಹಸಿರು ಪರದೆ, ಇಷ್ಟೇ ನಮ್ಮ ಸಂಸಾರದ ನಕ್ಷೆ. ಅಂಗಡಿಯಲ್ಲಿ ಕೊಡೆ, ಟಾರ್ಚು, ಹವಾಯಿ ಚಪ್ಪಲಿ. ಎಡಗಡೆ ಗೋಡೆಯ ಗೂಡಿನಲ್ಲಿ ಒಂದು ಕಪ್ಪು ಫೋನು. ಅದರ ಪಕ್ಕದ ಸ್ಟೂಲಿನ ಮೇಲೆ ನನ್ನ ದಾದಿ, ಅಂದರೆ ಅಬ್ಬನ ತಾಯಿ. ಪರದೆಯ ಆಚೆ ನಾವು ಮಲಗುವ ಕೋಣೆ, ಅದರಾಚೆ ಅಡುಗೆಮನೆ, ಅಡುಗೆಮನೆಯ ಕಿಟಕಿಯ ಕೆಳಗೆ ಅಮ್ಮಿಯ ಹೊಲಿಗೆ ಮೆಷಿನು. ಅಮ್ಮಿ ಒಂದು ಕಣ್ಣು ಒಲೆಯ ಮೇಲೆ, ಒಂದು ಕಣ್ಣು ಸೂಜಿಯ ಮೇಲೆ ಇಟ್ಟುಕೊಂಡು ಪೇಟೆಯ ಅರ್ಧ ಹೆಂಗಸರ ರವಿಕೆ ಹೊಲಿಯುತ್ತಿದ್ದರು. ಅಳತೆ ಕೊಡುವವರು ಹಿಂಬಾಗಿಲಿನಿಂದಲೇ ಬಂದು ಹೋಗುತ್ತಿದ್ದರು. ಅಮ್ಮಿ ಅಂಗಡಿಗೆ ಬಂದದ್ದನ್ನು ನಾನು ನೋಡಿರಲಿಲ್ಲ. ಅಬ್ಬ ನರಸಿಂಹರಾಜಪುರದ ಒಂದು ಬೇಕರಿಯಲ್ಲಿ ಒಲೆಯ ಮುಂದೆ ದುಡಿಯುತ್ತಿದ್ದರು, ವಾರಕ್ಕೊಂದು ದಿನ ಮನೆಗೆ.

ಫೋನು ಹಾಕಿಸಿದ್ದು ನನ್ನ ದಾದಾ, ಅಂದರೆ ದಾದಿಯ ಗಂಡ, ಮರದ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ. ವ್ಯಾಪಾರ ಹೋಯಿತು, ದಾದಾ ಹೋದರು, ಫೋನು ಉಳಿಯಿತು. ಆಗೆಲ್ಲ ಫೋನು ಇದ್ದ ಮನೆಯೇ ಅಪರೂಪ. ನಮ್ಮ ಬೀದಿಯವರು ಮಾತ್ರವಲ್ಲ, ನಾರ್ವೆ, ಬೇಗಾರ್ ಕಡೆಯ ಕೂಲಿಯವರೂ ದೂರದ ನೆಂಟರಿಗೆ ನಮ್ಮ ನಂಬರನ್ನೇ ಕೊಟ್ಟಿದ್ದರು. ಫೋನು ಬಂದರೆ ಆ ಮಾತನ್ನು ಅವರಿಗೆ ಮುಟ್ಟಿಸುವ ಕೆಲಸ ನಮ್ಮದು. ದಾದಿ ಇದಕ್ಕೆ ಬಿಡಿಗಾಸು ಮುಟ್ಟುತ್ತಿರಲಿಲ್ಲ. ಯಾರೋ ಒಂದು ಸೌತೆಕಾಯಿ, ಯಾರೋ ಒಂದು ಚಿಪ್ಪು ಬಾಳೆಹಣ್ಣು ತಂದಿಟ್ಟು ಹೋಗುತ್ತಿದ್ದರು. ದಾದಿಗೆ ಓದು ಬರಹ ಬರುತ್ತಿರಲಿಲ್ಲ. ಎಲ್ಲವೂ ತಲೆಯಲ್ಲೇ. ತಲೆಯಲ್ಲಿ ಇರುವುದು ಅಳಿಸಿಹೋಗಬಾರದು, ಬಣ್ಣ ಬದಲಿಸಬಾರದು ಎಂದು ಅವರು ಕಟ್ಟಿಕೊಂಡ ಕಾನೂನುಗಳು ಇದ್ದವಲ್ಲ, ಅವುಗಳ ಮುಂದೆ ಕೋರ್ಟು ಕಚೇರಿ ಏನೂ ಅಲ್ಲ.

ಫೋನು ಮಾಡಿದವರು ತಮ್ಮ ಮಾತನ್ನು ಮೂರು ಸಲ ಹೇಳಬೇಕಿತ್ತು. ಪ್ರತಿ ಸಲವೂ ನಾವು ಅದನ್ನೇ ತಿರುಗಿಸಿ ಹೇಳಬೇಕಿತ್ತು. ಅವಸರದವರು ಸಿಡುಕುತ್ತಿದ್ದರು. ದಾದಿ ಜಗ್ಗುತ್ತಿರಲಿಲ್ಲ. ಮೂರು ಸಲ ಹೇಳಲಾಗದ ಮಾತು ಹೇಳುವ ಮಾತೇ ಅಲ್ಲ ಎಂಬುದು ಅವರ ನಂಬಿಕೆ. ಮನೆಯೊಳಗೆ ನಾವು ಉರ್ದು ಆಡುತ್ತಿದ್ದೆವು. ಫೋನಿನ ಮುಂದೆ ಮಾತ್ರ ಕನ್ನಡ, ಏಕೆಂದರೆ ಬರುವ ಮಾತು ಕನ್ನಡದ್ದು, ಹೋಗಬೇಕಾದದ್ದೂ ಕನ್ನಡದ ಮನೆಗೇ. ಜ್ವರ ಇದೆ ಎಂದು ಹೇಳಿ ಕಳಿಸಿದ್ದರೆ ಇದೆ ಎಂದೇ ಹೇಳಬೇಕು. ಅರ್ಧ ಗಂಟೆ ಕಳೆಯಿತಲ್ಲ ಎಂದು ನಾನೇನಾದರೂ ಜ್ವರ ಇತ್ತಂತೆ ಎಂದುಬಿಟ್ಟರೆ ದಾದಿ ಕಿವಿ ಹಿಂಡುತ್ತಿದ್ದರು. ಇಳಿದಿದ್ದನ್ನು ನೀನು ಹೋಗಿ ನೋಡಿ ಬಂದಿದ್ದೀಯಾ ಎಂದು ಕೇಳುತ್ತಿದ್ದರು. ಮಾತು ಕೇಳಿಸಿಕೊಂಡವರಿಗೂ ಒಂದು ಹಕ್ಕು ಕೊಟ್ಟಿದ್ದರು. ಅವರು ಈಗಲೂ ನಿಜವಾ ಎಂದು ಕೇಳಬಹುದಿತ್ತು. ಬೇರೆ ಫೋನು ಬಂದಿಲ್ಲದಿದ್ದರೆ ನಾವು ಈಗಲೂ ನಿಜ ಎನ್ನಬೇಕಿತ್ತು. ಇನ್ನು ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದಾದರೆ ಆಡಿದವರೇ ಬರಬೇಕು, ಮತ್ತೆ ಮೂರು ಸಲ ಹೇಳಬೇಕು. ಒಮ್ಮೆ ಬೇಗಾರ್‌ನ ಒಬ್ಬ ತನ್ನ ಅಣ್ಣ ಮದುವೆಗೆ ಬರುವುದಿಲ್ಲವಂತೆ, ಬರುತ್ತೇನೆಂದು ಮೊದಲು ಹೇಳಿದ್ದನ್ನು ರದ್ದು ಮಾಡಿ ಎಂದು ಅಂಗಡಿಗೆ ಬಂದು ನಿಂತ. ದಾದಿ ಅವನಿಗೆ ಚಹಾ ಕೊಟ್ಟರು, ಕೂರಿಸಿಕೊಂಡು ಅವನ ಮನೆಯವರ ಯೋಗಕ್ಷೇಮವನ್ನೆಲ್ಲ ವಿಚಾರಿಸಿದರು, ಆದರೆ ಮಾತು ಮಾತ್ರ ರದ್ದು ಮಾಡಲಿಲ್ಲ. ಅಣ್ಣನೇ ಫೋನು ಮಾಡಲಿ ಎಂದುಬಿಟ್ಟರು. ಅಣ್ಣ ಫೋನು ಮಾಡಲೂ ಇಲ್ಲ, ಮದುವೆ ತಪ್ಪಿಸಲೂ ಇಲ್ಲ. ಬಂದು ಎರಡು ಸಲ ಹೋಳಿಗೆ ಹಾಕಿಸಿಕೊಂಡನಂತೆ.

ನನಗೆ ಹನ್ನೊಂದು ವರ್ಷವಿದ್ದಾಗ ಒಂದು ಮಧ್ಯಾಹ್ನ ಶೃಂಗೇರಿಯಿಂದ ಫೋನು ಬಂತು. ನಾರ್ವೆಯ ಗುಲಾಬಿ ಎಂಬ ಹೆಂಗಸಿಗೆ ಅವಳ ತಮ್ಮ ಮಾಡಿದ್ದು. ಗುಲಾಬಿ ತೋಟದ ಕೂಲಿಗೆ ಹೋಗುವವಳು. ಮಕ್ಕಳ ಹಾಸ್ಟೆಲ್ ಒಂದರಲ್ಲಿ ಅಡುಗೆಯವರು ಬೇಕಾಗಿದ್ದಾರೆ, ನಾಳೆ ಬೆಳಿಗ್ಗೆ ಎಂಟರೊಳಗೆ ಬಂದರೆ ಕೆಲಸ ಸಿಗುತ್ತದೆ, ತಡವಾದರೆ ಬೇರೆಯವರಿಗೆ ಹೋಗುತ್ತದೆ, ಇಷ್ಟು ಮಾತು. ದಾದಿಗೆ ಮಂಡಿನೋವು. ನನ್ನನ್ನೇ ಬಸ್ಸಿಗೆ ಹತ್ತಿಸಿದರು. ನಾರ್ವೆಯಲ್ಲಿ ಇಳಿದರೆ ಗುಲಾಬಿಯ ಮನೆಗೆ ಬೀಗ. ಪಕ್ಕದ ಮನೆಯವರು ಒಳ್ಳೆಯವರೇ, ನಮಗೆ ಹೇಳಿ ಹೋಗು ಕೂಸೇ, ಅವಳು ಬಂದಮೇಲೆ ಹೇಳುತ್ತೇವೆ ಎಂದರು. ನನಗೆ ಬಾಯಾರಿಕೆ, ಕಾಲಿನಲ್ಲಿ ಹೊಸ ಚಪ್ಪಲಿ ಕಚ್ಚಿದ ಗಾಯ. ಆದರೂ ಹೇಳಲಿಲ್ಲ. ನೀರು ಕುಡಿದು, ಚಪ್ಪಲಿ ಕೈಯಲ್ಲಿ ಹಿಡಿದು, ಅವಳು ಕೆಲಸ ಮಾಡುತ್ತಿದ್ದ ತೋಟವನ್ನು ಕೇಳಿಕೊಂಡು ಹೋದೆ. ಗುಲಾಬಿ ಹೊರೆ ಇಳಿಸಿ ನಿಂತು ಕೇಳಿದಳು. ಈಗಲೂ ನಿಜವಾ ಎಂದು ಕೇಳಿದಳು. ಈಗಲೂ ನಿಜ ಎಂದೆ. ಅವಳು ಅಲ್ಲೇ ಕೆಸರಿನಲ್ಲೇ ಕೂತು ಸೆರಗಿನಿಂದ ಮುಖ ಮುಚ್ಚಿಕೊಂಡಳು. ಕತ್ತಲಾಗುವ ಮೊದಲು ಅವಳ ಗಂಡ ನನ್ನನ್ನು ಸೈಕಲ್ಲಿನಲ್ಲಿ ಮನೆಗೆ ಮುಟ್ಟಿಸಿದ. ಮಾರನೆಯ ದಿನ ಎಂಟಕ್ಕೆ ಮೊದಲೇ ಗುಲಾಬಿ ಶೃಂಗೇರಿ ಸೇರಿದ್ದಳು, ಕೆಲಸವೂ ಸಿಕ್ಕಿತು. ನಾನು ಜಂಬದ ಹುಡುಗಿ. ಮುಂದಿನ ಒಂದು ವಾರ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಆ ವಾರದಲ್ಲೇ ಒಂದು ದಿನ ಅಬ್ಬ ಬೇಕರಿಯ ಪಕ್ಕದ ಅಂಗಡಿಯಿಂದ ಫೋನು ಮಾಡಿದರು. ದಾದಿ ನಮಾಜಿಗೆ ಎದ್ದಿದ್ದರು, ನಾನೇ ಎತ್ತಿಕೊಂಡೆ. ಗುಲಾಬಿಯ ಸುದ್ದಿ ಯಾರಿಂದಲೋ ಅವರಿಗೆ ತಲುಪಿತ್ತು. ನನ್ನನ್ನು ಹೊಗಳಲಿಲ್ಲ, ಹೊಗಳುವ ಅಭ್ಯಾಸ ಅವರಿಗಿಲ್ಲ. ಅಮ್ಮಿಗೆ ಒಂದು ಮಾತು ಮುಟ್ಟಿಸು ಎಂದರು.

“ಅವಳು ಎಷ್ಟು ಓದ್ತಾಳೋ ಅಷ್ಟು ಓದಿಸ್ತೇನೆ.”

ಮೂರು ಸಲ ಹೇಳಿದರು. ನಾನೂ ಮೂರು ಸಲ ತಿರುಗಿಸಿ ಹೇಳಿದೆ, ಗಿಣಿಯ ಹಾಗೆ. ಪರದೆ ಸರಿಸಿ ಒಳಗೆ ಹೋಗಿ ಮೆಷಿನಿನ ಮುಂದೆ ನಿಂತು, ಅವಳು ಎಷ್ಟು ಓದುತ್ತಾಳೋ ಅಷ್ಟು ಓದಿಸುತ್ತಾರಂತೆ ಎಂದು ಒಪ್ಪಿಸಿದೆ. ಅಮ್ಮಿ ಮೆಷಿನಿನ ಚಕ್ರವನ್ನು ಕೈಯಿಂದ ಹಿಡಿದು ನಿಲ್ಲಿಸಿ ನನ್ನನ್ನೇ ನೋಡಿದರು. ಆಮೇಲೆ ನಗಲು ಶುರು ಮಾಡಿದರು. ಯಾರು ಅವಳು ಎಂದು ಕೇಳಿದರು. ನನಗೆ ಆಗಲೇ ಹೊಳೆದದ್ದು, ಅವಳು ಅಂದರೆ ನಾನು ಎಂದು. ಅದುವರೆಗೆ ನಾನು ಎಷ್ಟೋ ಮನೆಗಳ ಹೆರಿಗೆ, ಕೆಲಸ, ಜಗಳ, ರಾಜಿ ಎಲ್ಲ ಹೊತ್ತು ಓಡಾಡಿದ್ದೆ. ನನ್ನದೇ ಹಣೆಬರಹವನ್ನು ಹೊತ್ತು ತಂದು ಕೊಟ್ಟದ್ದು ಅದೇ ಮೊದಲು. ಆ ದಿನ ಅಮ್ಮಿ ಅಕ್ಕಿರೊಟ್ಟಿಗೆ ಕೇಳದೆಯೇ ಎರಡು ಚಮಚ ತುಪ್ಪ ಸವರಿದರು.

ಹತ್ತನೆಯ ತರಗತಿಯಲ್ಲಿ ನಮಗೊಬ್ಬ ಇಂಗ್ಲಿಷ್ ಮೇಷ್ಟ್ರಿದ್ದರು. ಎತ್ತರದ ಆಳು, ಅಂಗಿಯ ಜೇಬಿನಲ್ಲಿ ಸದಾ ಎರಡು ಬಣ್ಣದ ಪೆನ್ನು. ರಿಪೋರ್ಟೆಡ್ ಸ್ಪೀಚ್ ಎಂಬ ಪಾಠ ಶುರುವಾದಾಗ ಕ್ಲಾಸಿನಲ್ಲಿ ಎಲ್ಲರೂ ತಲೆ ಕೆರೆದುಕೊಂಡರು. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸುವಾಗ ಕ್ರಿಯಾಪದವನ್ನು ಒಂದು ಹೆಜ್ಜೆ ಹಿಂದಕ್ಕೆ ತಳ್ಳಬೇಕು, ಈಸ್ ಇದ್ದರೆ ವಾಸ್, ವಿಲ್ ಇದ್ದರೆ ವುಡ್ ಎಂದು ಅವರು ಹೇಳಿಕೊಟ್ಟರು. ಉಳಿದವರಿಗೆ ಇದು ಕಷ್ಟ ಎನಿಸಿತು, ನನಗೆ ತಪ್ಪು ಎನಿಸಿತು. ಅದೆಲ್ಲಿಯ ನ್ಯಾಯ? ದಾದಿ ಕಿವಿ ಹಿಂಡುತ್ತಿದ್ದ ತಪ್ಪನ್ನೇ ಇಂಗ್ಲಿಷಿನವರು ನಿಯಮ ಮಾಡಿಕೊಂಡಿದ್ದರು. ನಿಮ್ಮ ಮನೆಯಲ್ಲಿ ಯಾರೋ ಹೇಳಿದ ಒಂದು ಮಾತನ್ನು ಬರೆದು ತನ್ನಿ ಎಂದಾಗ ನಾನು, ನನ್ನ ತಂದೆ ನನ್ನನ್ನು ಓದಿಸುವುದಾಗಿ ಹೇಳಿದರು ಎಂದು ಇಂಗ್ಲಿಷಿನಲ್ಲಿ ಬರೆದೆ. ವಿಲ್ ಅನ್ನು ವಿಲ್ ಆಗಿಯೇ ಇಟ್ಟೆ. ಮೇಷ್ಟ್ರು ಅದರ ಕೆಳಗೆ ಕೆಂಪು ಗೆರೆ ಎಳೆದು, ಒಂದು ವಾರದಿಂದ ನಾನು ಬಾಯಿ ಒಣಗಿಸಿಕೊಂಡದ್ದು ಯಾರಿಗಾಗಿ ಎಂದು ಕೇಳಿದರು. ನಾನು ಎದ್ದು ನಿಂತೆ.

“ಸಾರ್, ಆ ಮಾತು ಇನ್ನೂ ಮುಗಿದಿಲ್ಲ. ನಮ್ಮ ಅಬ್ಬ ಅದನ್ನ ವಾಪಸ್ ತಗೊಂಡಿಲ್ಲ. ಹಿಂದಕ್ಕೆ ತಳ್ಳಿದ್ರೆ ಓದಿದವರು ಅದು ಆಗಿನ ಕತೆ ಅಂದ್ಕೊಳ್ತಾರೆ.”

ಕ್ಲಾಸು ಗೊಳ್ಳೆಂದು ನಕ್ಕಿತು. ಮೇಷ್ಟ್ರೂ ನಕ್ಕರು, ಆದರೆ ಪುಸ್ತಕವನ್ನು ತಿರುಗಿಸಿ ಕೊಡಲಿಲ್ಲ. ಮಾರನೆಯ ದಿನ ಇಟ್ಟಿಗೆ ಗಾತ್ರದ ಒಂದು ವ್ಯಾಕರಣದ ಪುಸ್ತಕ ಹೊತ್ತು ತಂದರು. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂಬಂಥ ಮಾತನ್ನು ಯಾರು ಯಾವಾಗ ಹೇಳಿದ್ದರೂ ಕಾಲ ಬದಲಿಸಬೇಕಿಲ್ಲ ಎಂದರು. ಅಷ್ಟೇ ಅಲ್ಲ, ಹೇಳಿದ ಸಂಗತಿ ನಾವು ಮುಟ್ಟಿಸುವ ಹೊತ್ತಿಗೂ ನಿಜವಾಗಿಯೇ ಇದ್ದರೆ, ಇನ್ನೂ ಆಗಬೇಕಾದದ್ದೇ ಆಗಿದ್ದರೆ, ಇದ್ದ ಹಾಗೆಯೇ ಇಡಬಹುದು ಎಂದರು. ಪರೀಕ್ಷೆಯಲ್ಲಿ ಮಾತ್ರ ಬದಲಿಸಿಯೇ ಬರೆಯಿರಿ, ಅಲ್ಲಿ ವಾದ ಮಾಡಲು ನಾನಿರುವುದಿಲ್ಲ ಎಂದು ಸೇರಿಸಿದರು. ನನ್ನ ಕೆಂಪು ಗೆರೆಯ ಪಕ್ಕದಲ್ಲಿ ನೀಲಿ ಪೆನ್ನಿನಿಂದ ಸರಿ ಎಂದು ಬರೆದುಕೊಟ್ಟರು. ಕೊಡುವಾಗ ದನಿ ತಗ್ಗಿಸಿ ಒಂದು ಮಾತು ಹೇಳಿದರು.

“ವ್ಯಾಕರಣದಲ್ಲಿ ಗೆದ್ದೆ ಮಾರಾಯ್ತಿ. ಮನೇಲೂ ಆ ಮಾತು ನಿಂತೇ ಇರೋ ಹಾಗೆ ನೋಡ್ಕೋ.”

ಮನೆಯಲ್ಲಿ ಅದು ಅಲ್ಲಾಡತೊಡಗಿದ್ದು ಪಿಯುಸಿ ಮುಗಿದ ಮೇಲೆ. ಶೃಂಗೇರಿಯ ಕಾಲೇಜಿನಲ್ಲಿ ಬಿ.ಎ.ಗೆ ಸೇರುವುದೆಂದು ನಾನು ಅರ್ಜಿ ತುಂಬಿ ಇಟ್ಟುಕೊಂಡಿದ್ದೆ. ದಾದಿಯ ಕಣ್ಣಿಗೆ ಪೊರೆ ಬಂದಿತ್ತು. ಎಡಗಾಲಿನ ಎರಡು ಚಪ್ಪಲಿಯನ್ನು ಒಂದು ಜೊತೆ ಮಾಡಿ ಕೊಟ್ಟು ಕಳಿಸಿ, ಗಿರಾಕಿ ಬೈದುಕೊಂಡು ವಾಪಸು ಬಂದದ್ದೂ ಆಗಿತ್ತು. ಅಬ್ಬ ರಜೆಗೆ ಬಂದ ದಿನ ಮಧ್ಯಾಹ್ನ ಊಟಕ್ಕೆ ಕೂತಿದ್ದೆವು. ಅವರು ತಂದಿದ್ದ ಬನ್ನು, ಖಾರದ ಬಿಸ್ಕತ್ತಿನ ಪೊಟ್ಟಣ ಇನ್ನೂ ಬಿಚ್ಚಿರಲಿಲ್ಲ. ಅನ್ನಕ್ಕೆ ಸಾರು ಕಲಸುತ್ತಾ ಅಬ್ಬ, ಇನ್ನು ಓದಿದ್ದು ಸಾಕು, ಇವಳು ಅಂಗಡಿಯಲ್ಲಿ ಕೂರಲಿ ಎಂದರು. ಸಿಟ್ಟಿನಿಂದ ಹೇಳಿದ್ದಲ್ಲ. ತಾಯಿಯ ಕಣ್ಣು ಹೋಗುತ್ತಿದೆ, ತಾನು ದೂರ ಇದ್ದೇನೆ, ಅಂಗಡಿ ಮುಚ್ಚಿದರೆ ಮನೆ ನಡೆಯುವುದಿಲ್ಲ ಎಂಬ ಚಿಂತೆ ಆ ದನಿಯಲ್ಲಿತ್ತು. ಈಗ ಅರ್ಥವಾಗುತ್ತದೆ. ಆಗ ನನಗೆ ಮೈಯೆಲ್ಲ ಉರಿದುಹೋಯಿತು. ತಟ್ಟೆ ಸರಿಸಿ, ಎಷ್ಟು ಓದುತ್ತಾಳೋ ಅಷ್ಟು ಓದಿಸುತ್ತೇನೆ ಎಂದವರು ಯಾರು ಎಂದು ಕೇಳಿದೆ. ಅಬ್ಬನ ಎದುರು ನಾನು ದನಿ ಎತ್ತಿದ್ದು ಅದೇ ಮೊದಲು. ಅಬ್ಬ ನನ್ನ ಕಡೆ ನೋಡಲಿಲ್ಲ. ಹೇಳಿದ್ದೆ, ಅದು ಆಗ, ಆಗ ನೀನು ಇಷ್ಟುದ್ದ ಇದ್ದೆ ಎಂದು ಕೈಯಲ್ಲಿ ತೋರಿಸಿದರು. ಅಮ್ಮಿ ಅಬ್ಬನ ತಟ್ಟೆಗೆ ಇನ್ನಷ್ಟು ಸಾರು ಬಡಿಸಿದರು. ಆ ಮನೆಯಲ್ಲಿ ಅಮ್ಮಿಯವರೆಗೆ ಮಾತು ಬರುತ್ತಿತ್ತು, ಅಮ್ಮಿಯಿಂದ ಮಾತು ಹೋಗುತ್ತಿರಲಿಲ್ಲ.

ದಾದಿ ನಿಧಾನವಾಗಿ ಊಟ ಮುಗಿಸಿದರು. ಕೈ ತೊಳೆದು, ಗೋಡೆ ಹಿಡಿದುಕೊಂಡು, ಪರದೆ ದಾಟಿ ಹೋಗಿ ಫೋನಿನ ಪಕ್ಕದ ಸ್ಟೂಲಿನ ಮೇಲೆ ಕೂತರು. ಅಲ್ಲಿಂದ ಅಬ್ಬನನ್ನು ಕರೆದರು, ಕನ್ನಡದಲ್ಲಿ. ಆ ಕನ್ನಡ ಕೇಳಿದ್ದೇ ನಾನೂ ಎದ್ದೆ. ಇದು ಇನ್ನು ಮನೆಯ ಜಗಳವಲ್ಲ, ಫೋನಿನ ಮಾತು.

“ಬಾ ಮಗಾ. ಮಾತು ನಿಂದು, ವಾಪಸ್ ತಗೊಳ್ಳೋದೂ ನಿಂಗೇ ಸೇರಿದ್ದು. ನಾನು ಬೇಡ ಅನ್ನೋದಿಲ್ಲ. ಮೂರು ಸಲ ಹೇಳು.”

ಇದೆಂಥದ್ದಮ್ಮಾ ಎಂದು ಅಬ್ಬ ಗೊಣಗಿದರು. ಆದರೆ ಎದ್ದು ಬಂದರು. ಆ ಕಾನೂನಿನಲ್ಲೇ ಬೆಳೆದವರು ಅವರು, ಚಿಕ್ಕಂದಿನಲ್ಲಿ ಅದೇ ದಾರಿಗಳಲ್ಲಿ ಮಾತು ಹೊತ್ತು ಓಡಾಡಿದವರು. ನಾನು ಪರದೆಯ ಅಂಚು ಹಿಡಿದು ನಿಂತೆ. ಅಬ್ಬ ಗಂಟಲು ಸರಿ ಮಾಡಿಕೊಂಡು, ಇವಳನ್ನು ಇನ್ನು ಓದಿಸುವುದಿಲ್ಲ ಎಂದರು. ದಾದಿ ಅದನ್ನೇ ತಿರುಗಿಸಿ ಹೇಳಿದರು. ಒಂದು ಅಕ್ಷರ ಕೂಡಿಸಲಿಲ್ಲ, ಕಳೆಯಲಿಲ್ಲ. ತನ್ನದೇ ಮಾತು ತಾಯಿಯ ಬಾಯಿಂದ ಬಂದಾಗ ಅಬ್ಬನ ಹುಬ್ಬು ಗಂಟಿಕ್ಕಿತು. ಎರಡನೆಯ ಸಲ ಹೇಳಿದರು, ದನಿ ಇಳಿದಿತ್ತು. ದಾದಿ ಮತ್ತೆ ತಿರುಗಿಸಿ ಹೇಳಿದರು. ಇನ್ನೊಂದೇ ಸಲ. ಅದು ಬಂದರೆ ನನ್ನ ಕೈಯಿಂದಲೇ ಆ ಮಾತನ್ನು ಒಳಗೆ ಅಮ್ಮಿಗೆ ಮುಟ್ಟಿಸುತ್ತಾರೆ, ಅಲ್ಲಿಗೆ ಎಲ್ಲ ಮುಗಿಯಿತು ಎಂದು ನನಗೆ ಗೊತ್ತಿತ್ತು.

ಅಷ್ಟರಲ್ಲಿ ಒಬ್ಬ ಗಿರಾಕಿ ಟಾರ್ಚಿಗೆ ಸೆಲ್ಲು ಕೇಳಿಕೊಂಡು ಬಂದರು. ಸ್ವಲ್ಪ ನಿಲ್ಲಿ ಮಾರಾಯ್ರೆ, ಒಂದು ಮಾತು ಬಾಕಿ ಇದೆ ಎಂದು ದಾದಿ ಅವರನ್ನು ಹಲಗೆಯ ಆಚೆಯೇ ನಿಲ್ಲಿಸಿದರು. ಅವರಿಗೂ ಮನೆಯ ಪದ್ಧತಿ ಗೊತ್ತಿತ್ತು. ಟಾರ್ಚು ಹಿಡಿದು ತೆಪ್ಪಗೆ ನಿಂತರು. ಅಬ್ಬ ಫೋನನ್ನು ನೋಡಿದರು, ನನ್ನನ್ನು ನೋಡಿದರು. ಒಲೆಯ ಮುಂದೆ ಸುಟ್ಟು ಸುಟ್ಟು ಕಪ್ಪಾದ ತನ್ನ ಅಂಗೈಯನ್ನು ನೋಡಿಕೊಂಡರು. ಬಾಯಿ ತೆರೆದರು.

“ಅಂಗಡಿಗೆ ಯಾರಮ್ಮಾ?” ಎಂದರು ಕೊನೆಗೆ.

ಅದು ಬೇರೆ ಮಾತು, ಮೊದಲು ಇದನ್ನು ಮುಗಿಸು ಎಂದರು ದಾದಿ. ಅಬ್ಬ ಚಪ್ಪಲಿಯ ಪೆಟ್ಟಿಗೆಯ ಮೇಲೆ ಕೂತುಬಿಟ್ಟರು.

“ಬರೋದಿಲ್ಲಮ್ಮಾ. ಬಾಯಿಗೆ ಬರೋದಿಲ್ಲ.”

“ಬರದಿದ್ರೆ ಹಳೇದೇ ನಿಂತಿತು. ಹೇಳಿ ಗಟ್ಟಿ ಮಾಡು.”

ಅಬ್ಬ ಹೇಳಿದರು. ಎಷ್ಟು ಓದುತ್ತಾಳೋ ಅಷ್ಟು ಓದಿಸುತ್ತೇನೆ ಎಂದು ಮೂರು ಸಲ, ಮೂರನೆಯ ಸಲ ಬೀದಿಗೆ ಕೇಳುವಷ್ಟು ಗಟ್ಟಿಯಾಗಿ. ಗಿರಾಕಿ ಎರಡು ಸೆಲ್ಲು ತೆಗೆದುಕೊಂಡು, ಒಳ್ಳೇದಾಯ್ತು ಬಿಡಿ ಎಂದು ಹೇಳಿಯೇ ಹೋದರು. ಮುಂದಿನದನ್ನು ಉದ್ದ ಮಾಡುವುದಿಲ್ಲ. ಶೃಂಗೇರಿಯ ಬಸ್ಸಿನಿಂದ ನಾನು ಮೊದಲ ದಿನ ಇಳಿದಾಗ ಗುಲಾಬಿ ಸ್ಟ್ಯಾಂಡಿನಲ್ಲಿ ಕಾದು ನಿಂತಿದ್ದಳು, ಮೂರು ವರ್ಷ ನನಗೆ ಹಸಿವು ಎಂದರೇನೆಂದು ಗೊತ್ತಾಗದ ಹಾಗೆ ನೋಡಿಕೊಂಡಳು. ಬಿ.ಎ. ಆಯಿತು, ಎಂ.ಎ. ಆಯಿತು, ಈಗ ಅದೇ ರಿಪೋರ್ಟೆಡ್ ಸ್ಪೀಚ್ ಪಾಠವನ್ನು ನಾನೇ ಮಾಡುತ್ತೇನೆ. ಯಾವಾಗ ಕಾಲ ಬದಲಿಸಬೇಕಿಲ್ಲ ಎಂದು ಮಕ್ಕಳು ಕೇಳಿದರೆ ನನ್ನ ಹತ್ತಿರ ಉದಾಹರಣೆ ಸಿದ್ಧವಾಗಿದೆ. ಮೊನ್ನೆ ಇನ್ನೊಂದು ಪರೀಕ್ಷೆಗೆ ಹೆಸರು ಕಟ್ಟಿದೆ. ಅಬ್ಬನಿಗೆ ಈಗ ವಯಸ್ಸಾಗಿದೆ, ಕಿವಿ ಮಂದ. ಇನ್ನೂ ಮುಗೀಲಿಲ್ವಾ ಮಾರಾಯ್ತಿ ಎಂದು ತಲೆ ಚಚ್ಚಿಕೊಂಡರು. ವಾಪಸು ತೆಗೆದುಕೊಳ್ಳುವುದಾದರೆ ಮೂರು ಸಲ ಹೇಳಿ ಎಂದೆ. ನಕ್ಕುಬಿಟ್ಟರು.

ಆದರೆ ಆ ಮಧ್ಯಾಹ್ನದ ಕತೆ ಅಬ್ಬನ ಮಾತಿಗೇ ಮುಗಿದಿರಲಿಲ್ಲ. ಅದನ್ನು ಮುಟ್ಟಿಸುವುದು ಬಾಕಿ ಇತ್ತು. ದಾದಿ ನನ್ನನ್ನು ಒಳಗೆ ಕಳಿಸಿದರು. ಇಷ್ಟೂ ಹೊತ್ತು ನಡೆದದ್ದೆಲ್ಲ ಅಡುಗೆಮನೆಗೆ ಸ್ಪಷ್ಟವಾಗಿ ಕೇಳಿಸಿರುತ್ತದೆ, ನಡುವೆ ಇದ್ದದ್ದು ಒಂದು ಬಟ್ಟೆ ತಾನೇ. ಆದರೂ ಅಮ್ಮಿ ಏನೂ ಗೊತ್ತಿಲ್ಲದವರ ಹಾಗೆ ಕೈ ಒರೆಸಿಕೊಂಡು ಮೆಷಿನಿನ ಮುಂದೆ ಕೂತಿದ್ದರು. ಮಾತು ತರುವವರು ಬರುವವರೆಗೆ ಮಾತು ಬಂದಿಲ್ಲ, ಅದೇ ಪದ್ಧತಿ. ನಾನು ನಿಂತು ಒಪ್ಪಿಸಿದೆ. ಏಳು ವರ್ಷದ ಹಿಂದೆ ತಂದ ಮಾತನ್ನೇ ಮತ್ತೆ ತಂದಿದ್ದೆ.

“ಈಗಲೂ ನಿಜವಾ?” ಎಂದು ಕೇಳಿದರು ಅಮ್ಮಿ.

ನಾನು ತಿರುಗಿ ನೋಡಿದೆ. ಪರದೆಯ ಕೆಳಗೆ ಅಬ್ಬನ ಪಾದಗಳು ಕಾಣುತ್ತಿದ್ದವು, ಅಲ್ಲಾಡದೆ ನಿಂತಿದ್ದವು.

“ಈಗಲೂ ನಿಜ.”

ಅಮ್ಮಿ ತಲೆಯಾಡಿಸಿದರು. ಎದ್ದು ಮೆಷಿನಿನ ಮೇಲಿದ್ದ ಅರ್ಧ ಹೊಲಿದ ರವಿಕೆಯನ್ನು ಮಡಚಿದರು, ಕತ್ತರಿ, ದಾರದ ಉಂಡೆ, ಅಳತೆಯ ಟೇಪು ಎಲ್ಲವನ್ನೂ ಮೆಷಿನಿನ ಡ್ರಾಯರಿಗೆ ಹಾಕಿ ಮುಚ್ಚಿದರು. ಆಮೇಲೆ, ಹುಟ್ಟಿ ಹದಿನೆಂಟು ವರ್ಷದಲ್ಲಿ ನಾನು ಅವರ ಬಾಯಿಂದ ಕೇಳಿರದ ಒಂದು ದನಿಯಲ್ಲಿ, ಉರ್ದುವಿನಲ್ಲಲ್ಲ, ಫೋನಿನ ಕನ್ನಡದಲ್ಲಿ ಹೇಳಿದರು.

“ಹೊರಗೆ ಹೋಗಿ ನಂದೊಂದು ಮಾತು ಮುಟ್ಟಿಸು. ಈ ಮೆಷಿನ್ನು ನಾಳೆಯಿಂದ ಅಂಗಡಿಯಲ್ಲಿ ಇರ್ತದೆ. ಅಂಗಡಿಗೆ ನಾನು ಕೂರ್ತೇನೆ.”

ನಾನು ಓಡಲು ತಿರುಗಿದೆ. ಅಮ್ಮಿ ನನ್ನ ರಟ್ಟೆ ಹಿಡಿದು ನಿಲ್ಲಿಸಿದರು. ಇನ್ನೂ ಎರಡು ಸಲ ಹೇಳಿದರು, ಮೂರೂ ಸಲ ನನ್ನಿಂದ ತಿರುಗಿಸಿ ಹೇಳಿಸಿದರು, ಆಮೇಲೆಯೇ ಕೈ ಬಿಟ್ಟರು.